ಬಾರದ ಪ್ರಳಯ

1844ನೆಯ ಇಸವಿಯ ಅಕ್ಟೋಬರ್ ತಿಂಗಳು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗದ ಹಳ್ಳಿಗಳಲ್ಲಿ ಅದು ಸುಗ್ಗಿಯ ಕಾಲ. ಚಳಿ ಬಲಿತು ನೆಲ ಹೆಪ್ಪುಗಟ್ಟುವುದರೊಳಗೆ ಆಲೂಗೆಡ್ಡೆಯನ್ನು ಅಗೆದು, ಮೆಕ್ಕೆಜೋಳವನ್ನು ಕೊಯ್ದು ಮನೆ ತುಂಬಿಸಿಕೊಳ್ಳಬೇಕು. ಇಲ್ಲವಾದರೆ ಚಳಿಗಾಲವನ್ನು ಕಳೆಯುವುದು ಮನೆಮಂದಿಗೂ ಕಷ್ಟ, ದನಕರುಗಳಿಗೂ ಕಷ್ಟ. ಆದರೆ ಆ ವರ್ಷ ಕೆಲವು ಹೊಲಗಳಿಗೆ ಯಾರೂ ಇಳಿಯಲಿಲ್ಲ. ಬೆಳೆ ಚೆನ್ನಾಗಿಯೇ ಇದ್ದಿತು. ಹೊಲದ ಒಡೆಯನೂ ಆರೋಗ್ಯವಾಗಿಯೇ ಇದ್ದನು. ಅಗೆಯುವುದಕ್ಕೆ ಅವನಿಗೆ ಕಾರಣವೇ ತೋರಲಿಲ್ಲ. ಅಕ್ಟೋಬರ್ 22, ಮಂಗಳವಾರದಂದು ಯೇಸುಕ್ರಿಸ್ತನು ಆಕಾಶದಿಂದ ಮತ್ತೆ ಇಳಿದು ಬರುವನು, ಭೂಮಿಯು ಬೆಂಕಿಯಿಂದ ಶುದ್ಧವಾಗುವುದು, ನಂಬಿದವರು ಅವನೊಡನೆ ಮೇಲಕ್ಕೆ ಹೋಗುವರು ಎಂದು ಅವನು ದೃಢವಾಗಿ ನಂಬಿದ್ದನು. ಆಮೇಲೆ ಆ ಗೆಡ್ಡೆಗಳನ್ನು ಬೇಯಿಸಿ ಉಣ್ಣುವವರು ಯಾರು?

ಹೀಗೆ ನಂಬಿದವರು ಒಬ್ಬಿಬ್ಬರಲ್ಲ. ಅವರ ಸಂಖ್ಯೆ 50,000ದಿಂದ 1,00,000ದವರೆಗೆ ಇದ್ದಿರಬಹುದೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅವರಲ್ಲಿ ರೈತರೂ ಅಂಗಡಿಕಾರರೂ ಕುಶಲಕರ್ಮಿಗಳೂ ಪಾದ್ರಿಗಳೂ ಇದ್ದರು. ಜನರು ಅವರನ್ನು ಮಿಲ್ಲರ್‌ಪಂಥದವರೆಂದು ಕರೆದರು. ಈ ಹೆಸರಿಗೆ ಕಾರಣನಾದ ವಿಲಿಯಂ ಮಿಲ್ಲರನು ಮೋಸಗಾರನೆಂದೋ ತಲೆಕೆಟ್ಟವನೆಂದೋ ಹೇಳಿಬಿಟ್ಟರೆ ಕಥೆ ಸುಲಭವಾಗಿ ಮುಗಿಯುತ್ತದೆ. ಆದರೆ ಅದರಿಂದ ತಿಳಿಯುವುದೇನೂ ಉಳಿಯುವುದಿಲ್ಲ. ಅವನು ಆ ಎರಡೂ ಆಗಿರಲಿಲ್ಲ. ಅವನು ಲೆಕ್ಕವನ್ನು ಪ್ರೀತಿಸುತ್ತಿದ್ದ, ಪ್ರಾಮಾಣಿಕನಾದ ಒಬ್ಬ ರೈತ.

ಮಿಲ್ಲರನು 1782ರ ಫೆಬ್ರವರಿ 15ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಪಿಟ್ಸ್‌ಫೀಲ್ಡಿನಲ್ಲಿ ಹುಟ್ಟಿದನು. ಹದಿನಾರು ಮಕ್ಕಳಲ್ಲಿ ಅವನೇ ಹಿರಿಯ. ಅವನಿನ್ನೂ ಚಿಕ್ಕವನಿರುವಾಗಲೇ ಕುಟುಂಬವು ನ್ಯೂಯಾರ್ಕ್ ಸಂಸ್ಥಾನದ ಗಡಿಯ ಲೋ ಹ್ಯಾಂಪ್ಟನ್ ಎಂಬ ಹಳ್ಳಿಗೆ ಬಂದು ನೆಲಸಿತು. ಕಾಡು ಕಡಿದು ಹೊಲ ಮಾಡಿಕೊಳ್ಳುತ್ತಿದ್ದ ಮನೆಯಲ್ಲಿ ಪುಸ್ತಕಗಳಿಗೆ ಹಣವೆಲ್ಲಿಯದು? ಹುಡುಗನು ನೆರೆಯವರಿಂದ ಪುಸ್ತಕಗಳನ್ನು ಎರವಲು ತಂದು, ಎಲ್ಲರೂ ಮಲಗಿದ ಮೇಲೆ ಒಲೆಯಲ್ಲಿ ಪೈನ್ ಮರದ ಸಿಬಿರುಗಳನ್ನು ಉರಿಸಿಕೊಂಡು ಆ ಬೆಳಕಿನಲ್ಲಿ ಓದುತ್ತಿದ್ದನು. ಶಾಲೆಯಲ್ಲಿ ಕಲಿತುದು ಅಲ್ಪ. ತಾನಾಗಿ ಓದಿದುದು ಬಹಳ. 1803ರಲ್ಲಿ ಮದುವೆಯಾದ ಮೇಲೆ ಅವನು ವರ್ಮಾಂಟ್ ಸಂಸ್ಥಾನದ ಪೌಲ್ಟ್ನಿ ಎಂಬ ಊರಿನಲ್ಲಿ ಬೇಸಾಯಕ್ಕೆ ನಿಂತನು. ಆ ಊರಿನಲ್ಲಿ ಒಂದು ಪುಸ್ತಕ ಭಂಡಾರವಿದ್ದಿತು. ವಾಲ್ಟೇರ್, ಹ್ಯೂಮ್, ಟಾಮಸ್ ಪೇನ್ ಮುಂತಾದ ವಿಚಾರವಾದಿಗಳ ಬರಹಗಳನ್ನು ಓದಿ, ದೇವರು ಜಗತ್ತನ್ನು ಸೃಷ್ಟಿಸಿದ್ದಾನೆ, ಆದರೆ ಅದರ ನಡೆಯಲ್ಲಿ ಕೈಹಾಕುವುದಿಲ್ಲ ಎಂಬ ಮತಕ್ಕೆ ಒಲಿದನು. ಬೈಬಲಿನ ಪವಾಡಗಳನ್ನು ಗೆಳೆಯರೊಡನೆ ಕೂತು ಹಾಸ್ಯ ಮಾಡುವುದೂ ಉಂಟಾಗಿತ್ತು.

1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ಹತ್ತಿತು. ಮಿಲ್ಲರನು ಸೈನ್ಯ ಸೇರಿ ಕ್ಯಾಪ್ಟನ್ ಆದನು. 1814ರ ಸೆಪ್ಟೆಂಬರ್ 11ರಂದು ಪ್ಲಾಟ್ಸ್‌ಬರ್ಗ್ ಎಂಬಲ್ಲಿ ನಡೆದ ಕದನದಲ್ಲಿ ಅಮೆರಿಕನ್ನರ ಬಲ ಕಡಿಮೆಯಿದ್ದರೂ ಗೆಲವು ಅವರದಾಯಿತು. ಮಿಲ್ಲರನ ತೀರ ಸಮೀಪದಲ್ಲಿ ಗುಂಡು ಸಿಡಿದು ಸುತ್ತಲಿದ್ದವರು ಗಾಯಗೊಂಡರು. ಅವನಿಗೆ ಏನೂ ಆಗಲಿಲ್ಲ. ದೇವರು ಲೋಕದ ವ್ಯವಹಾರದಲ್ಲಿ ಕೈಹಾಕುವುದಿಲ್ಲವೆಂದು ವಾದಿಸುತ್ತಿದ್ದವನಿಗೆ ತಾನೇಕೆ ಉಳಿದೆ ಎಂಬ ಪ್ರಶ್ನೆ ಮನಸ್ಸಿನಲ್ಲಿ ನಟ್ಟಿತು. ಯುದ್ಧ ಮುಗಿದ ಮೇಲೆ ಲೋ ಹ್ಯಾಂಪ್ಟನ್ನಿಗೆ ಹಿಂದಿರುಗಿ, 1816ರಲ್ಲಿ ಬ್ಯಾಪ್ಟಿಸ್ಟ್ ಪಂಥದ ಭಕ್ತನಾದನು.

ಹಳೆಯ ಗೆಳೆಯರು ಈಗ ಅವನನ್ನೇ ಹಾಸ್ಯ ಮಾಡತೊಡಗಿದರು. ಬೈಬಲಿನಲ್ಲಿ ಒಂದಕ್ಕೊಂದು ಹೊಂದದ ಮಾತುಗಳಿಲ್ಲವೆ ಎಂದು ಕೆಣಕಿದರು. ತನಗೆ ಕಾಲಾವಕಾಶ ಕೊಟ್ಟರೆ ಎಲ್ಲವನ್ನೂ ಹೊಂದಿಸಿ ತೋರಿಸುವೆನೆಂದು ಮಿಲ್ಲರನು ಹೇಳಿ, ಎರಡು ವರ್ಷ ಬೈಬಲನ್ನು ಮೊದಲಿನಿಂದ ಸಾಲುಸಾಲಾಗಿ ಓದಿದನು. ವ್ಯಾಖ್ಯಾನಗಳನ್ನೆಲ್ಲ ಬದಿಗಿಟ್ಟು, ಯಾವ ಪದ ಎಲ್ಲೆಲ್ಲಿ ಬಂದಿದೆಯೆಂದು ತೋರಿಸುವ ಒಂದು ಪದಪ್ರಯೋಗಕೋಶವನ್ನು ಮಾತ್ರ ಪಕ್ಕದಲ್ಲಿಟ್ಟುಕೊಂಡನು. ಒಂದು ವಚನದ ಅರ್ಥ ಬಗೆಹರಿಯದೆ ಮುಂದಕ್ಕೆ ಹೋಗಬಾರದೆಂಬುದು ಅವನ ನಿಯಮ. ವಿಚಾರವಾದಿಗಳಿಂದ ಕಲಿತ ಶಿಸ್ತು ಇದು. ಭಕ್ತನಾದ ಮೇಲೂ ಅವನು ಅದನ್ನು ಬಿಡಲಿಲ್ಲವೆಂಬುದನ್ನು ಮೆಚ್ಚಲೇಬೇಕು.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ದಾನಿಯೇಲನ ಗ್ರಂಥವೆಂಬ ಭಾಗವಿದೆ. ಅದರ ಎಂಟನೆಯ ಅಧ್ಯಾಯದಲ್ಲಿ ಬರುವ ಒಂದು ದರ್ಶನದಲ್ಲಿ, 2300 ದಿನಗಳು ಕಳೆದ ಮೇಲೆ ಪವಿತ್ರಾಲಯವು ಶುದ್ಧವಾಗುವುದೆಂಬ ಅರ್ಥದ ಮಾತಿದೆ. ಇಷ್ಟರಿಂದ ಜಗತ್ತಿನ ಅಂತ್ಯದ ವರ್ಷವನ್ನು ಹೇಳುವುದು ಹೇಗೆ? ಅದಕ್ಕೆ ಮಿಲ್ಲರನು ಮೂರು ಸಂಗತಿಗಳನ್ನು ಒಪ್ಪಿಕೊಂಡನು. ಭವಿಷ್ಯವಾಣಿಯಲ್ಲಿ ಒಂದು ದಿನವೆಂದರೆ ಒಂದು ವರ್ಷ. ಪಾರಸಿಕರ ದೊರೆ ಅರ್ತಷಸ್ತನು ಜೆರೂಸಲೇಮಿನ ಪುನರುದ್ಧಾರಕ್ಕೆ ಅಪ್ಪಣೆ ಕೊಟ್ಟ ಕ್ರಿ.ಪೂ. 457ರಿಂದ ಈ ವರ್ಷಗಳನ್ನು ಎಣಿಸಬೇಕು. ಪವಿತ್ರಾಲಯವೆಂದರೆ ಈ ಭೂಮಿ. ಅದು ಶುದ್ಧವಾಗುವುದೆಂದರೆ ಬೆಂಕಿಯಿಂದ ಲೋಕ ಮುಗಿಯುವುದು. ಇವುಗಳನ್ನು ಒಪ್ಪಿದ ಮೇಲೆ ಉಳಿದುದು ಪ್ರಾಥಮಿಕ ಶಾಲೆಯ ಗಣಿತ. 2300ರಲ್ಲಿ 457ನ್ನು ಕಳೆದರೆ 1843.

ಇದರಲ್ಲಿ ಮೊದಲನೆಯದು ಮಿಲ್ಲರನ ಸ್ವಂತ ಕಲ್ಪನೆಯಲ್ಲ. ದಿನಕ್ಕೆ ವರ್ಷವೆಂಬ ಸೂತ್ರವನ್ನು ಅವನಿಗಿಂತ ಮುಂಚೆ ಅನೇಕ ವಿದ್ವಾಂಸರು ಬಳಸಿದ್ದರು. ಗುರುತ್ವಾಕರ್ಷಣೆಯ ನಿಯಮವನ್ನು ಕಂಡುಹಿಡಿದ ಐಸಾಕ್ ನ್ಯೂಟನ್ನನೂ ಅವರಲ್ಲಿ ಒಬ್ಬನು! ಆದರೆ ನ್ಯೂಟನ್ನನು ತನ್ನ ಟಿಪ್ಪಣಿಗಳಲ್ಲಿ ಅಂತ್ಯವು 2060ಕ್ಕಿಂತ ಮೊದಲು ಬರುವುದಕ್ಕೆ ಕಾರಣ ಕಾಣದೆಂದು ಬರೆದುಕೊಂಡನು. ದಿನವನ್ನು ಗೊತ್ತುಮಾಡಿ ಹೇಳುವವರ ಬಾಯಿ ಕಟ್ಟುವುದೇ ತನ್ನ ಉದ್ದೇಶವೆಂದೂ ಅಲ್ಲಿಯೇ ಹೇಳಿದನು.

ಮಿಲ್ಲರನು ಲೆಕ್ಕವನ್ನು ಒಂದೇ ಸಾರಿ ಮಾಡಿ ಬಿಟ್ಟವನಲ್ಲ. ದಾನಿಯೇಲನ ಗ್ರಂಥದಲ್ಲಿಯೇ ಬೇರೊಂದೆಡೆ ಎಪ್ಪತ್ತು ವಾರಗಳ ಮಾತಿದೆ. ಎಪ್ಪತ್ತು ವಾರಗಳೆಂದರೆ 490 ದಿನ. ಅದೇ ಸೂತ್ರದಂತೆ 490 ವರ್ಷ. ಕ್ರಿ.ಪೂ. 457ರಿಂದ ಎಣಿಸಿ, 490ರಲ್ಲಿ 457ನ್ನು ಕಳೆದರೆ 33 ಬರುವುದು. ಯೇಸುವನ್ನು ಶಿಲುಬೆಗೇರಿಸಿದುದು ಕ್ರಿ.ಶ. 33ರಲ್ಲಿ ಎಂದು ಮಿಲ್ಲರನು ತಿಳಿದಿದ್ದನು. ಉಳಿದ 1810 ವರ್ಷಗಳನ್ನು 33ಕ್ಕೆ ಕೂಡಿಸಿದರೆ ಮತ್ತೆ ಅದೇ 1843! ಉತ್ತರ ತಾಳೆಬಿದ್ದಾಗ ಆಗುವ ಸಂತೋಷವನ್ನು ಗಣಿತ ಮಾಡಿದವರೆಲ್ಲರೂ ಬಲ್ಲರು. ಆದರೆ ಎರಡು ಲೆಕ್ಕಗಳೂ ಹೊರಟಿದ್ದುದು ಒಂದೇ ಊಹೆಯಿಂದ. ಒಂದು ತಕ್ಕಡಿಯಲ್ಲಿ ಎರಡು ಸಾರಿ ತೂಗಿದರೆ ಎರಡು ಸಾರಿಯೂ ತೂಕ ಒಂದೇ ಬರುತ್ತದೆ. ತಕ್ಕಡಿ ಸರಿಯಾಗಿದೆಯೆ ಎಂಬುದು ಅದರಿಂದ ತಿಳಿಯುವುದಿಲ್ಲ.

1818ರಲ್ಲಿ ಈ ನಿರ್ಣಯಕ್ಕೆ ಬಂದ ಮಿಲ್ಲರನು ಕೂಡಲೇ ಊರೂರಿಗೆ ಹೊರಡಲಿಲ್ಲ. ತನ್ನ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ತಾನೇ ಎತ್ತಿಕೊಂಡು ಉತ್ತರ ಹುಡುಕುತ್ತ ವರ್ಷಗಳನ್ನು ಕಳೆದನು. ಸಭೆಯಲ್ಲಿ ನಿಂತು ಮಾತನಾಡುವುದೆಂದರೆ ಅವನಿಗೆ ಹಿಂಜರಿಕೆ. ಕೊನೆಗೆ 1831ರ ಆಗಸ್ಟ್ ತಿಂಗಳ ಒಂದು ಶನಿವಾರ, ಯಾರಾದರೂ ತಾವಾಗಿಯೇ ಕರೆದರೆ ಹೋಗಿ ಹೇಳುವೆನೆಂದು ದೇವರಿಗೆ ಮಾತು ಕೊಟ್ಟನು. ಕರೆಯುವವರು ಯಾರೂ ಇಲ್ಲವೆಂಬ ಧೈರ್ಯ ಅವನಿಗಿತ್ತು. ಅರ್ಧ ಗಂಟೆಯೊಳಗೆ ನೆರೆಯ ಡ್ರೆಸ್ಡೆನ್ ಊರಿನಿಂದ ಅವನ ಸೋದರಿಯ ಮಗನು ಬಂದು ಬಾಗಿಲು ತಟ್ಟಿದನು: ನಾಳೆ ನಮ್ಮಲ್ಲಿ ಪಾದ್ರಿಗಳಿಲ್ಲ, ನೀವು ಬಂದು ಮಾತನಾಡಬೇಕು. ಮಿಲ್ಲರನು ತನ್ನ ಮೇಲೆಯೇ ಸಿಟ್ಟಾಗಿ, ಉತ್ತರವನ್ನೂ ಕೊಡದೆ ಮನೆಯ ಹತ್ತಿರದ ತೋಪಿಗೆ ನಡೆದುಹೋದನಂತೆ. ಈ ಸಂಗತಿಯನ್ನು ಮುಂದೆ ಅವನೇ ಬರೆದಿದ್ದಾನೆ. ತೋಪಿನಿಂದ ಹಿಂದಿರುಗಿದಾಗ ಅವನು ಉಪದೇಶಕನಾಗಿದ್ದನು; ಆಗ ಅವನಿಗೆ 49 ವರ್ಷ.

ಹಳ್ಳಿಯ ಉಪದೇಶಕನೊಬ್ಬನ ಮಾತು ದೇಶವ್ಯಾಪಿಯಾದುದು ಹೇಗೆಂಬುದು ಈ ಚರಿತ್ರೆಯ ಇನ್ನೊಂದು ಮುಖ. 1839ರಲ್ಲಿ ಬಾಸ್ಟನ್ ನಗರದ ಜೋಷುವ ಹೈಮ್ಸ್ ಎಂಬ ಪಾದ್ರಿಯು ಮಿಲ್ಲರನನ್ನು ಕಂಡನು. ಜಗತ್ತು ಮುಗಿಯುವುದಕ್ಕೆ ನಾಲ್ಕೇ ವರ್ಷವಿದೆಯೆಂದು ನಂಬುವವನು ಸಣ್ಣ ಸಣ್ಣ ಊರುಗಳಲ್ಲಿಯೇ ಏಕೆ ತಿರುಗುತ್ತಿರುವನೆಂಬುದು ಹೈಮ್ಸನ ಪ್ರಶ್ನೆ. ಅವನು 1840ರಲ್ಲಿ ಬಾಸ್ಟನ್ನಿನಿಂದ ಒಂದು ಪತ್ರಿಕೆಯನ್ನು, 1842ರಲ್ಲಿ ನ್ಯೂಯಾರ್ಕಿನಿಂದ ಇನ್ನೊಂದು ಪತ್ರಿಕೆಯನ್ನು ಹೊರಡಿಸಿದನು. ದಾನಿಯೇಲನ ದರ್ಶನದ ಮೃಗಗಳ ಚಿತ್ರಗಳೂ ಕೂಡಿಸಿ ಕಳೆದ ಅಂಕಿಗಳೂ ಇರುವ ದೊಡ್ಡ ಪಟವನ್ನು ಅಚ್ಚುಹಾಕಿಸಲಾಯಿತು. ಉಪದೇಶಕರು ಅದನ್ನು ಗೋಡೆಗೆ ತೂಗುಹಾಕಿ, ಉಪಾಧ್ಯಾಯರು ಭೂಪಟವನ್ನು ತೋರಿಸುವಂತೆ, ಕೋಲಿನಿಂದ ತೋರಿಸುತ್ತ ವಿವರಿಸುತ್ತಿದ್ದರು. ಸುಮಾರು 4,000 ಜನ ಕೂಡಬಹುದಾದ ಭಾರಿ ಡೇರೆಯೊಂದನ್ನು ಊರಿಂದೂರಿಗೆ ಸಾಗಿಸಿ ಸಭೆಗಳನ್ನು ನಡೆಸಿದರು. ಉಗಿಯಂತ್ರದ ಮುದ್ರಣ, ರೈಲು, ಅಗ್ಗದ ಪತ್ರಿಕೆ ಇವೆಲ್ಲವೂ ಅಮೆರಿಕಕ್ಕೆ ಆಗತಾನೆ ಬಂದಿದ್ದವು. ಲೋಕದ ಅಂತ್ಯದ ಸುದ್ದಿಯು ಹೀಗೆ ಹೊಸ ಲೋಕದ ಸಾಧನಗಳನ್ನು ಏರಿ ಹಬ್ಬಿತು.

ಕೇಳುವ ಕಿವಿಗಳೂ ಸಿದ್ಧವಾಗಿದ್ದವು. 1837ರಲ್ಲಿ ಬ್ಯಾಂಕುಗಳು ಮುಳುಗಿ ವ್ಯಾಪಾರ ಕುಸಿದು ಅನೇಕರು ದಿಕ್ಕೆಟ್ಟಿದ್ದರು. 1833ರ ನವೆಂಬರ್ 13ರ ರಾತ್ರಿ ಆಕಾಶದಿಂದ ಉಲ್ಕೆಗಳು ಮಳೆಯಂತೆ ಸುರಿದುದನ್ನು ಕಂಡವರು ಮರೆತಿರಲಿಲ್ಲ. 1843ರ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಹಗಲಿನಲ್ಲಿಯೂ ಕಾಣುವಷ್ಟು ಪ್ರಕಾಶಮಾನವಾದ ಧೂಮಕೇತುವೊಂದು ಸೂರ್ಯನ ಬಳಿ ತೋರಿತು. ಮಿಲ್ಲರನ ಲೆಕ್ಕದಲ್ಲಿ ಧೂಮಕೇತುವಿಗೆ ಯಾವ ಸ್ಥಾನವೂ ಇರಲಿಲ್ಲ. ಆದರೆ ಲೆಕ್ಕ ತಿಳಿಯದವರಿಗೆ ಬಾಲದ ಚುಕ್ಕೆ ಕಣ್ಣಿಗೆ ಕಾಣುತ್ತಿತ್ತು.

ವಿರೋಧಿಸಿದವರೂ ಇದ್ದರು. ಮ್ಯಾಸಚೂಸೆಟ್ಸಿನ ಆ್ಯಂಡೋವರ್ ವಿದ್ಯಾಪೀಠದ ಮೋಸಸ್ ಸ್ಟುವರ್ಟ್ ಎಂಬ ವಿದ್ವಾಂಸನು ದಿನವೆಂದರೆ ದಿನವೇ, ವರ್ಷವಲ್ಲ ಎಂದು ವಾದಿಸಿದನು. ಇದು ಬುಡಕ್ಕೇ ಕೈಹಾಕಿದ ಮಾತು. ಆದರೆ ಎಲ್ಲ ಟೀಕಾಕಾರರೂ ಇಷ್ಟು ದೂರ ಹೋಗಲಿಲ್ಲ. ನ್ಯೂಯಾರ್ಕಿನಲ್ಲಿ ಹೀಬ್ರೂ ಭಾಷೆಯ ಪ್ರಾಧ್ಯಾಪಕನಾಗಿದ್ದ ಜಾರ್ಜ್ ಬುಷ್ ಎಂಬವನು 1844ರಲ್ಲಿ ಮಿಲ್ಲರನಿಗೆ ಬರೆದ ಪತ್ರದಲ್ಲಿ, ಕಾಲಗಣನೆಯಲ್ಲಿ ದೊಡ್ಡ ತಪ್ಪೇನೂ ಇಲ್ಲ, ಆಗ ನಡೆಯುವ ಘಟನೆ ಯಾವುದೆಂಬುದರಲ್ಲಿ ನೀವು ತಪ್ಪಿದ್ದೀರಿ ಎಂದನು. ಪಂಡಿತನೇ ಹೀಗೆಂದಮೇಲೆ ರೈತನಿಗೆ ತನ್ನ ಅಂಕಿಗಳ ಮೇಲೆ ಅನುಮಾನ ಹುಟ್ಟುವುದೆಂತು?

ಮಿಲ್ಲರನು ತಾನಾಗಿ ಯಾವ ದಿನವನ್ನೂ ಗೊತ್ತುಮಾಡಿರಲಿಲ್ಲ. ಯೆಹೂದ್ಯರ ವರ್ಷಾರಂಭವನ್ನು ಅನುಸರಿಸಿ, 1843ರ ಮಾರ್ಚ್ 21ರಿಂದ 1844ರ ಮಾರ್ಚ್ 21ರೊಳಗೆ ಅಂತ್ಯವು ಬರುವುದೆಂದಷ್ಟೇ ಹೇಳಿದ್ದನು. ಆ ವರ್ಷ ಬಂದಿತು, ಹೋಯಿತು. ಮಿಲ್ಲರನು ತನ್ನಿಂದ ತಪ್ಪಾಯಿತೆಂದು ಬಹಿರಂಗವಾಗಿ ಒಪ್ಪಿಕೊಂಡನು. ಆದರೂ ಅಂತ್ಯವು ಸಮೀಪದಲ್ಲಿಯೇ ಇದೆಯೆಂಬ ನಂಬಿಕೆಯನ್ನು ಬಿಡಲಿಲ್ಲ.

ತಪ್ಪು ಎಲ್ಲಿ ಎಂದು ಹುಡುಕಿದಾಗ ಒಂದು ತಪ್ಪು ನಿಜವಾಗಿಯೂ ಸಿಕ್ಕಿತು! ಕ್ರಿಸ್ತಶಕದ ಎಣಿಕೆಯಲ್ಲಿ ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ. ಕ್ರಿ.ಪೂ. 1ರ ಮಾರ್ಚಿಯಲ್ಲಿ ಹುಟ್ಟಿದ ಮಗುವಿಗೆ ಕ್ರಿ.ಶ. 1ರ ಮಾರ್ಚಿಗೆ ಒಂದು ವರ್ಷ ತುಂಬುವುದೇ ಹೊರತು ಎರಡಲ್ಲ. ಆದ್ದರಿಂದ ಕ್ರಿ.ಪೂ. 457ರಿಂದ 2300 ವರ್ಷಗಳು ತುಂಬುವುದು 1843ರಲ್ಲಲ್ಲ, 1844ರಲ್ಲಿ. ಬರಬೇಕಾದುದು ಬರಲಿಲ್ಲವೆಂದು ಎದೆಗುಂದಿದ್ದವರಿಗೆ ಇದರಿಂದ ಮತ್ತೆ ಜೀವ ಬಂದಂತಾಯಿತು. ಲೆಕ್ಕದಲ್ಲಿ ತಪ್ಪು ಸಿಕ್ಕಿದುದು ಅವರಿಗೆ ಶುಭಸಮಾಚಾರವಾಯಿತು. ಏಕೆಂದರೆ ಆಮೇಲೆ ಊಹೆಗಳನ್ನು ಪರೀಕ್ಷಿಸುವ ಅಗತ್ಯ ಉಳಿಯಲಿಲ್ಲ.

1844ರ ಆಗಸ್ಟಿನಲ್ಲಿ ನ್ಯೂ ಹ್ಯಾಂಪ್‌ಷೈರಿನ ಎಕ್ಸಿಟರ್ ಎಂಬಲ್ಲಿ ನಡೆದ ಬಯಲುಸಭೆಯಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬ ಉಪದೇಶಕನು ದಿನವನ್ನೇ ಗೊತ್ತುಮಾಡಿ ಹೇಳಿದನು. ಯೆಹೂದ್ಯರಿಗೆ ಏಳನೆಯ ತಿಂಗಳಿನ ಹತ್ತನೆಯ ದಿನ ಪ್ರಾಯಶ್ಚಿತ್ತದ ದಿನ. ಪ್ರಾಚೀನ ಕಾಲದಲ್ಲಿ ಅಂದು ಮಹಾಯಾಜಕನು ದೇವಾಲಯವನ್ನು ಶುದ್ಧಿಮಾಡುತ್ತಿದ್ದನು. ಹಾಗಾದರೆ ಭೂಮಿಯ ಶುದ್ಧಿಯೂ ಆ ದಿನವೇ ಆಗಬೇಕಲ್ಲವೆ? ಈಗ ಆ ದಿನವು ಯಾವ ತಾರೀಖಿಗೆ ಬೀಳುವುದೆಂಬ ಪ್ರಶ್ನೆ ಬಂದಿತು. ಯೆಹೂದ್ಯರ ಪಂಚಾಂಗವು ನಮ್ಮ ಚಾಂದ್ರಮಾನದಂತೆ ಚಂದ್ರನನ್ನು ಅನುಸರಿಸುತ್ತದೆ. ಋತುಗಳಿಗೆ ಸರಿಹೊಂದಿಸಲು ಅದರಲ್ಲಿಯೂ ಆಗಾಗ ಅಧಿಕಮಾಸ ಬರುತ್ತದೆ. ಬಹುಮಂದಿ ಯೆಹೂದ್ಯರ ಪಂಚಾಂಗದಂತೆ 1844ರಲ್ಲಿ ಆ ದಿನ ಸೆಪ್ಟೆಂಬರ್ 23ಕ್ಕೆ ಬಿದ್ದಿತ್ತು. ಆದರೆ ಯೆಹೂದ್ಯರಲ್ಲಿ ಕರಾಯಿಟರೆಂಬ ಸಣ್ಣ ಪಂಗಡವೊಂದಿದೆ. ಬಾರ್ಲಿಯ ತೆನೆ ಮಾಗುವುದನ್ನು ನೋಡಿ ವರ್ಷಾರಂಭವನ್ನು ನಿಶ್ಚಯಿಸುವುದು ಅವರ ಹಳೆಯ ಪದ್ಧತಿ. ಅದೇ ಶುದ್ಧವಾದ ಕ್ರಮವೆಂದು ಸ್ನೋ ಭಾವಿಸಿ, ಒಂದು ತಿಂಗಳು ಮುಂದಕ್ಕೆ ಎಣಿಸಿದನು. ಅಕ್ಟೋಬರ್ 22 ಎಂಬ ತಾರೀಖು ಹೊರಟುದು ಹೀಗೆ.

ಒಂದು ವರ್ಷದ ಅವಧಿಯಲ್ಲಿ ಎಂದೋ ಒಂದು ದಿನ ಎಂದರೆ ಮನುಷ್ಯನು ಕಾಯುತ್ತ ತನ್ನ ಕೆಲಸವನ್ನೂ ಮಾಡಿಕೊಂಡಿರುತ್ತಾನೆ. ಇಂಥ ದಿನವೇ ಎಂದರೆ ಸಂಗತಿ ಬೇರೆಯಾಗುತ್ತದೆ. ಎಕ್ಸಿಟರಿನ ಸಭೆಯಿಂದ ಹಿಂದಿರುಗಿದವರು ಈ ಸುದ್ದಿಯನ್ನು ಕಾಡುಕಿಚ್ಚಿನಂತೆ ಹರಡಿದರು. ಸಾಲಗಾರರು ಸಾಲ ತೀರಿಸಿದರು. ಹಳೆಯ ಜಗಳಗಳಿಗೆ ಕ್ಷಮೆ ಬೇಡಿದರು. ಕೆಲವರು ಅಂಗಡಿ ಮುಚ್ಚಿದರು. ಇದ್ದುದನ್ನು ಮಾರಿ ಪತ್ರಿಕೆಗಳ ಮುದ್ರಣಕ್ಕೆ ಹಣ ಕೊಟ್ಟವರೂ ಉಂಟು. ಈ ದಿನವನ್ನು ಒಪ್ಪಲು ಎಲ್ಲರಿಗಿಂತ ಹೆಚ್ಚು ಅನುಮಾನಿಸಿದವರಲ್ಲಿ ಮಿಲ್ಲರನೇ ಒಬ್ಬನೆಂಬುದು ಗಮನಿಸತಕ್ಕದ್ದು. ಆದರೆ ಸುತ್ತಲಿನವರ ಭಕ್ತಿಯನ್ನೂ ಬಾಳಿನ ಬದಲಾವಣೆಯನ್ನೂ ಕಂಡು ಅವನ ಮನಸ್ಸು ಸೋತಿತು. ಅಕ್ಟೋಬರ್ 6ರಂದು, ಇನ್ನು ಹದಿನಾರು ದಿನಗಳಿವೆ ಎನ್ನುವಾಗ, ತಾನೂ ಒಪ್ಪಿದೆನೆಂದು ಹೈಮ್ಸನಿಗೆ ಪತ್ರ ಬರೆದನು. ಜೀವನವೆಲ್ಲ ಸಾಕ್ಷ್ಯವನ್ನು ಕೇಳುತ್ತ ಬಂದವನು ಆ ಒಂದು ಸಾರಿ ಜನರ ಉತ್ಸಾಹವನ್ನೇ ಸಾಕ್ಷ್ಯವೆಂದು ತೆಗೆದುಕೊಂಡನು.

ಅಕ್ಟೋಬರ್ 22 ಬಂದಿತು. ಮನೆಗಳಲ್ಲಿ, ಪ್ರಾರ್ಥನಾಮಂದಿರಗಳಲ್ಲಿ ಜನರು ಕೂಡಿದರು. ನ್ಯೂಯಾರ್ಕ್ ಸಂಸ್ಥಾನದ ಪೋರ್ಟ್ ಗಿಬ್ಸನ್ ಎಂಬಲ್ಲಿ ಹೈರಮ್ ಎಡ್ಸನ್ ಎಂಬ ರೈತನ ಮನೆಯಲ್ಲಿ ಸೇರಿದ್ದವರು ನಡುರಾತ್ರಿಯ ಗಂಟೆ ಹೊಡೆಯುವವರೆಗೂ ಕಾದರು. ಗಂಟೆ ಹೊಡೆಯಿತು. ಏನೂ ಆಗಲಿಲ್ಲ. ಬೆಳಗಾಗುವವರೆಗೂ ಅವರೆಲ್ಲರೂ ಅತ್ತರೆಂದು ಎಡ್ಸನ್ನನು ಮುಂದೆ ಬರೆದಿಟ್ಟಿದ್ದಾನೆ. ಈ ದಿನಕ್ಕೆ ಇತಿಹಾಸದಲ್ಲಿ ಮಹಾ ನಿರಾಶೆ ಎಂಬ ಹೆಸರು ನಿಂತಿದೆ.

ಮರುದಿನ ಸೂರ್ಯನು ಎಂದಿನಂತೆ ಹುಟ್ಟಿದನು. ಆ ಬೆಳಗನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಹಸುವಿನ ಹಾಲು ಕರೆಯಬೇಕು. ನೀರಿಗೆ ಹೋಗಬೇಕು. ದಾರಿಯಲ್ಲಿ ನೆರೆಯವನು ಸಿಕ್ಕುವನು. ಇನ್ನೂ ಮೇಲಕ್ಕೆ ಹೋಗಲಿಲ್ಲವೆ ಎಂದು ಅವನು ಕೇಳುವನು. ಅವನ ಮಕ್ಕಳೂ ಕೇಳುವರು. ನಿನ್ನೆ ಕೊಟ್ಟುಬಿಟ್ಟ ಹಣವನ್ನು ಮರಳಿ ಬೇಡುವಂತಿಲ್ಲ. ಹೊಲದಲ್ಲಿ ಬೆಳೆ ಹಾಗೆಯೇ ಇದೆ. ಚಳಿಗಾಲ ತಲೆಯ ಮೇಲಿದೆ. ಕೆಲವು ಕಡೆ ಪುಂಡರು ಪ್ರಾರ್ಥನಾಸ್ಥಳಗಳ ಮೇಲೆ ಬಿದ್ದು ಹಾಳುಮಾಡಿದರು. ನಿರ್ಗತಿಕರಾದ ಕುಟುಂಬಗಳಿಗೆ ಆಯಾ ಊರಿನ ವಿಶ್ವಾಸಿಗಳೇ ಕೂಡಿ ನೆರವಾಗಬೇಕೆಂದು ಹೈಮ್ಸನು ಪತ್ರಿಕೆಯಲ್ಲಿ ಕರೆಕೊಟ್ಟನು. ಪ್ರಚಾರದಲ್ಲಿ ಅವನಿಗಿದ್ದ ಉತ್ಸಾಹವನ್ನು ಟೀಕಿಸುವವರು ಈ ಕೆಲಸವನ್ನೂ ನೆನೆಯುವುದು ನ್ಯಾಯ.

ನ್ಯೂ ಹ್ಯಾಂಪ್‌ಷೈರಿನ ನ್ಯೂ ಇಪ್ಸ್‌ವಿಚ್ ಎಂಬ ಊರಿನ ರೈತನೊಬ್ಬನ ಕಥೆ ಈ ಪಂಥದವರಲ್ಲಿ ಪ್ರಚಲಿತವಾಗಿದೆ. ಅವನು ಅಗೆಯದೆ ಬಿಟ್ಟ ಆಲೂಗೆಡ್ಡೆಯನ್ನು ಕಂಡು ನೆರೆಯವರು ನಕ್ಕಿದ್ದರು. ಆ ವರ್ಷ ಗೆಡ್ಡೆ ಕೊಳೆಯುವ ರೋಗ ಹರಡಿ, ಹೊತ್ತಿಗೆ ಮುಂಚೆ ಅಗೆದಿಟ್ಟವರ ಗೆಡ್ಡೆಗಳು ಹಾಳಾದವಂತೆ. ತಡವಾಗಿ ಅಗೆದ ಅವನ ಬೆಳೆ ಕೆಡದೆ ಉಳಿದು ಒಳ್ಳೆಯ ಬೆಲೆಗೆ ಮಾರಿತಂತೆ. ಇಂಥ ಕಥೆಗಳು ನಿರಾಶರಾದವರಿಗೆ ಎಷ್ಟು ಬೇಕಾಗಿದ್ದವೆಂಬುದನ್ನು ಊಹಿಸುವುದು ಕಷ್ಟವಲ್ಲ.

ನಕ್ಕವರೂ ಕಥೆಗಳನ್ನು ಕಟ್ಟಿದರು. ಮಿಲ್ಲರ್‌ಪಂಥದವರು ಬಿಳಿಯ ನಿಲುವಂಗಿಗಳನ್ನು ಹೊಲಿಸಿ ತೊಟ್ಟುಕೊಂಡು ಬೆಟ್ಟದ ಮೇಲೂ ಮರದ ಮೇಲೂ ಮಾಳಿಗೆಯ ಮೇಲೂ ಹತ್ತಿ ಕುಳಿತಿದ್ದರೆಂದೂ, ಕೈ ಬಡಿದು ಹಾರಲು ಹೋಗಿ ಬಿದ್ದವರುಂಟೆಂದೂ ಪತ್ರಿಕೆಗಳಲ್ಲಿ ಬಂದಿತು. ಬಾಯಿಂದ ಬಾಯಿಗೆ ಹಬ್ಬಿತು. 1924ರಲ್ಲಿ ಲೇಖಕಿಯೊಬ್ಬರು ಹಿರಿಯರ ನೆನಪುಗಳನ್ನು ಕೇಳಿ ತರಿಸಿ ಈ ಸಂಗತಿಗಳನ್ನು ಒಂದು ಪುಸ್ತಕವಾಗಿಯೇ ಬರೆದರು. ಘಟನೆ ನಡೆದು ಆಗಲೇ 80 ವರ್ಷ ಕಳೆದಿದ್ದವು. ಬಹುಪಾಲು ನೆನಪುಗಳು ಕಂಡವರವಲ್ಲ, ಕೇಳಿದವರವು. 1944ರಲ್ಲಿ ಫ್ರಾನ್ಸಿಸ್ ನಿಕಲ್ ಎಂಬ ಲೇಖಕನು ಆ ಕಾಲದ ಪತ್ರಿಕೆಗಳನ್ನೂ ಕಾಗದಪತ್ರಗಳನ್ನೂ ಶೋಧಿಸಿ, ನಿಲುವಂಗಿಯ ಕಥೆಗೆ ನಂಬತಕ್ಕ ಆಧಾರವಿಲ್ಲವೆಂದು ತೋರಿಸಿದನು. ನಿಕಲ್ಲನು ಮಿಲ್ಲರನ ಪರಂಪರೆಯಿಂದ ಬೆಳೆದ ಸಭೆಗೆ ಸೇರಿದವನು, ಪಕ್ಷಪಾತಿಯಾಗಿರಬಹುದು ಎಂಬ ಅನುಮಾನ ಸಹಜ. ಆದರೆ ಈ ಮಾತಿನಲ್ಲಿ ಮುಂದಿನ ಇತಿಹಾಸಕಾರರು ಬಹುಮಟ್ಟಿಗೆ ಅವನನ್ನೇ ಒಪ್ಪಿದ್ದಾರೆ. ಆಧಾರವನ್ನು ವಿಚಾರಿಸದೆ ನಂಬಿದರೆಂದು ಮಿಲ್ಲರ್‌ಪಂಥದವರನ್ನು ಹಾಸ್ಯ ಮಾಡಿದವರು ನಿಲುವಂಗಿಯ ಕಥೆಯನ್ನು ಆಧಾರವನ್ನು ವಿಚಾರಿಸದೆ ನೂರು ವರ್ಷ ನಂಬಿದ್ದರು.

ನಿರಾಶೆಯ ಅನಂತರ ಈ ಜನಸಮೂಹ ಚದರಿಹೋಯಿತು. ಅನೇಕರು ನಂಬಿಕೆಯನ್ನೇ ಬಿಟ್ಟು ಮೌನವಾಗಿ ಸರಿದುಹೋದರು. ಇವರು ಏನನ್ನೂ ಬರೆದಿಡಲಿಲ್ಲವಾದುದರಿಂದ ಇತಿಹಾಸದ ಪುಸ್ತಕಗಳಲ್ಲಿ ಇವರಿಗೆ ದೊರೆತಿರುವ ಸ್ಥಳ ಕಡಿಮೆ. ಕೆಲವರು ತಾರೀಖು ತಪ್ಪಾಯಿತೆಂದು ಹೊಸ ತಾರೀಖುಗಳನ್ನು ಹುಡುಕಿದರು. ಇನ್ನು ಕೆಲವರು ತಾರೀಖು ಸರಿಯೇ, ಘಟನೆಯನ್ನು ತಿಳಿದುಕೊಂಡುದು ತಪ್ಪು ಎಂದರು. ಅಕ್ಟೋಬರ್ 23ರ ಬೆಳಿಗ್ಗೆ ಹೊಲವನ್ನು ದಾಟಿ ಹೋಗುತ್ತಿದ್ದಾಗ ಎಡ್ಸನ್ನನಿಗೆ, ಶುದ್ಧವಾಗಬೇಕಾದ ಪವಿತ್ರಾಲಯವು ಭೂಮಿಯಲ್ಲ, ಸ್ವರ್ಗದಲ್ಲಿರುವುದು ಎಂದು ಹೊಳೆಯಿತಂತೆ. ಸ್ವರ್ಗದಲ್ಲಿ ನಡೆದುದನ್ನು ಇಲ್ಲಿಂದ ನೋಡಿ ಇಲ್ಲವೆನ್ನುವಂತಿಲ್ಲ. ಈ ವ್ಯಾಖ್ಯಾನವನ್ನು ಒಪ್ಪಿದ ಗುಂಪಿನಿಂದಲೇ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು. ಇಂದು ಅದರ ಸದಸ್ಯರು 2 ಕೋಟಿಗೂ ಹೆಚ್ಚು. ಕ್ರಿಸ್ತನು ಮರಳಿ ಬರುವನೆಂಬುದು ಅವರ ನಂಬಿಕೆ. ಆದರೆ ಆ ಸಭೆಯು ದಿನವನ್ನು ಗೊತ್ತುಮಾಡುವುದಿಲ್ಲ. ಲೋಕದ ನಾನಾ ಕಡೆ ಅದು ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಡೆಸುತ್ತಿದೆ. ಬೆಂಗಳೂರಿನಲ್ಲಿಯೂ ಅದರ ಶಾಲೆಯಿದೆ.

ಹೊಸ ತಾರೀಖುಗಳನ್ನು ಹುಡುಕಿದವರಲ್ಲಿ ನೆಲ್ಸನ್ ಬಾರ್ಬರ್ ಎಂಬವನ ವೃತ್ತಾಂತ ವಿಲಕ್ಷಣವಾದುದು. ಯುವಕನಾಗಿದ್ದಾಗ ಮಿಲ್ಲರನನ್ನು ನಂಬಿ ನಿರಾಶನಾದ ಇವನು ಆಸ್ಟ್ರೇಲಿಯಕ್ಕೆ ಹೋಗಿ ಚಿನ್ನದ ಗಣಿಗಳಲ್ಲಿ ದುಡಿದನು. 1859ರಲ್ಲಿ ಹಡಗಿನಲ್ಲಿ ಹಿಂದಿರುಗುತ್ತಿರುವಾಗ ಬೇಸರ ಕಳೆಯಲು ಮತ್ತೆ ಭವಿಷ್ಯವಾಣಿಗಳನ್ನು ಓದಿದನು. ಮಿಲ್ಲರನ ಲೆಕ್ಕದಲ್ಲಿ 30 ವರ್ಷಗಳ ವ್ಯತ್ಯಾಸವಿದೆಯೆಂದು ಅವನಿಗೆ ತೋರಿತು! ಅಂತ್ಯವು 1873ಕ್ಕೆ ಹೋಯಿತು, ಆಮೇಲೆ 1874ಕ್ಕೆ. ಅದೂ ಕಳೆದಾಗ, ಕ್ರಿಸ್ತನು ಕಣ್ಣಿಗೆ ಕಾಣದಂತೆ ಆಗಲೇ ಬಂದಿದ್ದಾನೆಂಬ ವಿವರಣೆ ಹೊರಟಿತು. ಬಾರ್ಬರನ ಜೊತೆಯಲ್ಲಿ ಕೆಲವು ಕಾಲ ಕೆಲಸ ಮಾಡಿದ ಚಾರ್ಲ್ಸ್ ಟೇಜ್ ರಸೆಲ್ ಎಂಬವನು 1914ನೆಯ ಇಸವಿಯನ್ನು ಎತ್ತಿಹಿಡಿದನು. ಆ ವರ್ಷ ಲೋಕ ಮುಗಿಯಲಿಲ್ಲ, ಮೊದಲನೆಯ ಮಹಾಯುದ್ಧ ಹತ್ತಿತು. ಅದನ್ನೇ ಅನುಯಾಯಿಗಳು ತಮ್ಮ ಲೆಕ್ಕಕ್ಕೆ ಸಮರ್ಥನೆಯೆಂದು ತಿಳಿದರು. ಹೀಗೆ ಅಂಕಿಗಳು ಮತ್ತೆ ಮತ್ತೆ ಬದಲಾದವು. ದಿನವೆಂದರೆ ವರ್ಷವೆಂಬ ಮೊದಲಿನ ಊಹೆ ಮಾತ್ರ ಇದ್ದಲ್ಲಿಯೇ ಇದ್ದಿತು.

ಮಿಲ್ಲರನು ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ. ಘಟನೆ ಸ್ವರ್ಗದಲ್ಲಿ ನಡೆಯಿತೆಂದು ಹೇಳಲಿಲ್ಲ. ಮತ್ತೊಂದು ತಾರೀಖನ್ನೂ ಕೊಡಲಿಲ್ಲ. 1845ರ ಜನವರಿಯಲ್ಲಿ ಅವನ ಊರಿನ ಬ್ಯಾಪ್ಟಿಸ್ಟ್ ಸಭೆಯು ಅವನನ್ನೂ ಅವನೊಡನಿದ್ದವರನ್ನೂ ಹೊರಗೆ ಹಾಕಿತು. ಅದೇ ವರ್ಷ ಅವನು ತನ್ನ ಬಾಳನ್ನೂ ಲೆಕ್ಕವನ್ನೂ ಕುರಿತು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿ, ತಾನು ಹೇಳಿದುದು ನಡೆಯಲಿಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ಬರೆದನು. ಆದರೂ ಅವನ ಕಾಯುವಿಕೆ ನಿಲ್ಲಲಿಲ್ಲ. ಇಂದು ಬರಬಹುದು, ನಾಳೆ ಬರಬಹುದು ಎನ್ನುತ್ತಲೇ ಇದ್ದನು. ವಯಸ್ಸಾದ ಹಾಗೆಲ್ಲ ಕಣ್ಣು ಮಂಜಾಗಿ, ಕೊನೆಯಲ್ಲಿ ಓದಲು ಬಾರದಾಯಿತು. 1849ರ ಡಿಸೆಂಬರ್ 20ರಂದು ಲೋ ಹ್ಯಾಂಪ್ಟನ್ನಿನ ತನ್ನ ಮನೆಯಲ್ಲಿ ತೀರಿಕೊಂಡನು. ಆಗ ಅವನಿಗೆ 67 ವರ್ಷ.

ಆ ಮನೆ ಇಂದಿಗೂ ಇದೆ. ಸಮೀಪದಲ್ಲಿ ಮರದಿಂದ ಕಟ್ಟಿದ ಒಂದು ಪುಟ್ಟ ಪ್ರಾರ್ಥನಾಮಂದಿರವೂ ಇದೆ. ಹಳೆಯ ಸಭೆಯಿಂದ ಹೊರಬಿದ್ದ ಊರಿನ ಕೆಲವರು ಕೂಡಲು ಸ್ಥಳವಿಲ್ಲದಿದ್ದಾಗ, ನಾಳೆಯೋ ನಾಳಿದ್ದೋ ಲೋಕ ಮುಗಿಯುವುದೆಂದು ನಂಬಿದ್ದ ಮಿಲ್ಲರನು 1848ರಲ್ಲಿ ಅದನ್ನು ಅವರಿಗಾಗಿ ಕಟ್ಟಿಸಿದನು.